ಏಕಮಾನವಿಲ್ಲದ ಸಂಖ್ಯೆ: ಒಂದು ಸೆಕ್ಟರಿನ ಚರಿತ್ರೆ



ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ನನ್ನದೊಂದು ನಿಯಮ ಇನ್ನೂ ನೆನಪಿರಬಹುದು. ಲೆಕ್ಕದ ಹಂತಗಳೆಲ್ಲ ಸರಿಯಾಗಿದ್ದರೂ ಉತ್ತರದ ಮುಂದೆ ಏಕಮಾನವನ್ನು ಬರೆಯದಿದ್ದರೆ ಅರ್ಧ ಅಂಕವನ್ನು ಕಳೆಯುತ್ತಿದ್ದೆ. "ಉತ್ತರ ಹನ್ನೆರಡು ಅಂದರೇನಪ್ಪಾ? ಹನ್ನೆರಡು ಮೀಟರೋ, ಹನ್ನೆರಡು ಮಾವಿನಕಾಯಿಯೋ?" ಎಂಬ ನನ್ನ ಮಾತನ್ನು ಹಿಂದಿನ ಬೆಂಚಿನವರು ಅಣಕಿಸುತ್ತಿದ್ದುದೂ ನನಗೆ ತಿಳಿದಿತ್ತು. ಆ ಅರ್ಧ ಅಂಕ ಕಳೆದ ವರ್ಷ ನನ್ನ ಮನೆಬಾಗಿಲಿಗೇ ಬಂದು ನಿಂತಿತು. ಅದರ ನೆಪದಲ್ಲಿ ಎಪ್ಪತ್ತು ವರ್ಷಗಳ ಒಂದು ಸ್ವಾರಸ್ಯಕರ ಇತಿಹಾಸವನ್ನು ಓದಿಕೊಳ್ಳುವ ಅವಕಾಶ ನನಗೆ ದೊರೆಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

2012ರಲ್ಲಿ ನಾನು ಮೂರು ಟೆರಾಬೈಟಿನ ಒಂದು ಹೊರ ಹಾರ್ಡ್ ಡಿಸ್ಕನ್ನು ಕೊಂಡಿದ್ದೆ. ಆಗ ಮನೆಯಲ್ಲಿದ್ದುದು ವಿಂಡೋಸ್ ಎಕ್ಸ್‌ಪಿಯ ಹಳೆಯ ಗಣಕ. ಶಾಲೆಯ ಹಳೆಯ ಸಮೂಹಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲಿ ಇರಿಸಿದೆ. ನೀವೆಲ್ಲ ಸೇರಿ ನಡೆಸಿದ ಗುರುವಂದನೆಯ ವಿಡಿಯೋ ಅದರಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ತಾಯಿಯವರು ಹೇಳುತ್ತಿದ್ದ ಹಸೆಹಾಡುಗಳ ಧ್ವನಿಮುದ್ರಣ ಅದರಲ್ಲಿತ್ತು. ಮೂಲ ಕ್ಯಾಸೆಟ್ಟಿಗೆ ಬೂಸಲು ಹಿಡಿದು ಎಂದೋ ಹಾಳಾಗಿತ್ತು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಪ್ರತಿ ಯುಗಾದಿಗೂ ಅಂದುಕೊಳ್ಳುತ್ತಿದ್ದೆ, ಮಾಡಿರಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಆ ಪೆಟ್ಟಿಗೆಯ ದೀಪ ಹೊತ್ತಲಿಲ್ಲ. ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದ ತರುಣನು ಪೆಟ್ಟಿಗೆಯನ್ನು ಬಿಚ್ಚಿ, ಒಳಗಿದ್ದ ಡಿಸ್ಕನ್ನು ಹೊರತೆಗೆದು, ನೇರವಾಗಿ ತನ್ನ ಗಣಕಕ್ಕೆ ಜೋಡಿಸಿದನು. ಡಿಸ್ಕೇನೋ ತಿರುಗಿತು. ಆದರೆ ಪರದೆಯ ಮೇಲೆ, ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಮೂಡಿತು. ಇನ್ನೊಂದು ವಿಚಿತ್ರವನ್ನೂ ಗಮನಿಸಿದೆ. ಡಿಸ್ಕಿನ ತುಂಬ ಹರಡಿಕೊಂಡಿರಬೇಕಾದ ವಿಭಾಗವು ಅದರ ಎಂಟನೆಯ ಒಂದು ಭಾಗದಷ್ಟೇ ಇರುವಂತೆ ಕಾಣುತ್ತಿತ್ತು. "ಸಾರ್, ಡೇಟಾ ಹೋಗಿದೆ. ಫಾರ್ಮ್ಯಾಟ್ ಮಾಡಿಕೊಡ್ತೀನಿ, ಡಿಸ್ಕಾದ್ರೂ ಉಳಿಯುತ್ತೆ" ಎಂದನು ಆ ತರುಣ. ಬೇಡವೆಂದು ಹೇಳಿ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಆ ರಾತ್ರಿ ನಿದ್ರೆ ಬರಲಿಲ್ಲ. ಈ ಎಂಟನೆಯ ಒಂದು ಭಾಗವೆಂಬ ಸುಳಿವನ್ನು ನೀವೂ ನೆನಪಿನಲ್ಲಿಡಿ. ಈಗ ಸ್ವಲ್ಪ ಹಿಂದಕ್ಕೆ, 1956ನೆಯ ಇಸವಿಗೆ ಹೋಗೋಣ.

ಆ ವರ್ಷ ಅಮೆರಿಕದ ಐಬಿಎಂ ಸಂಸ್ಥೆಯು ರಾಮ್ಯಾಕ್ ಎಂಬ ಗಣಕವನ್ನು ಹೊರತಂದಿತು. ಅದರ ಭಾಗವಾಗಿದ್ದ 350 ಎಂಬ ಸಾಧನವೇ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್. ಸುಮಾರು ಒಂದು ಟನ್ ತೂಕದ ಬೀರುವಿನಂತಹ ಪೆಟ್ಟಿಗೆ. ಒಳಗೆ 24 ಅಂಗುಲ ವ್ಯಾಸದ 50 ತಟ್ಟೆಗಳು. ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಮೊದಲು ಯಾರಾಗಿದ್ದರು ಗೊತ್ತೇ? ಮಿಷಿಗನ್ ರಾಜ್ಯದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರು! ಮಕ್ಕಳು ಪೆನ್ಸಿಲಿನಿಂದ ಗುರುತು ಮಾಡಿದ ಉತ್ತರಗಳನ್ನು ತಾನೇ ಓದಿ ಅಂಕ ಕೂಡುವ ಯಂತ್ರವನ್ನು ಕಂಡುಹಿಡಿದದ್ದರಿಂದಲೇ ಅವರು ಐಬಿಎಂಗೆ ಸೇರಿದರು. ಉತ್ತರಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತು ತಂದು ರಾತ್ರಿಯೆಲ್ಲ ತಿದ್ದಿದ ನಮ್ಮಂಥವರಿಗೆ ಆ ಯಂತ್ರದ ಬೆಲೆ ಚೆನ್ನಾಗಿ ಗೊತ್ತು.

ಜಾನ್ಸನ್ನರ ಡಿಸ್ಕಿನಲ್ಲಿ ಬರೆಯುವ ಜಾಗವನ್ನು 50,000 ಸೆಕ್ಟರುಗಳಾಗಿ ವಿಂಗಡಿಸಿದ್ದರು. ಒಂದೊಂದರಲ್ಲೂ 100 ಅಕ್ಷರಗಳು. ಒಟ್ಟು 50 ಲಕ್ಷ ಅಕ್ಷರಗಳು. ರೇಖಾಗಣಿತದಲ್ಲಿ ಸೆಕ್ಟರನ್ನು ನಾವು ತ್ರಿಜ್ಯಾಂತರ ಖಂಡ ಎನ್ನುತ್ತೇವೆ. ಕತ್ತರಿಸಿದ ಹೋಳಿಗೆಯ ತುಂಡಿನ ಆಕಾರ. ತಟ್ಟೆಯ ಮೇಲಿನ ವೃತ್ತಾಕಾರದ ಪಥಗಳನ್ನು ಹೀಗೆ ತುಂಡರಿಸಿದಾಗ ದೊರೆಯುವ ಚಿಕ್ಕ ಕಂಸವೇ ಡಿಸ್ಕಿನ ಸೆಕ್ಟರ್. ಒಂದು ಮಾತನ್ನು ಇಲ್ಲಿಯೇ ಗಟ್ಟಿಮಾಡಿಕೊಳ್ಳಬೇಕು. ಡಿಸ್ಕು ಒಂದು ಸೆಕ್ಟರಿಗಿಂತ ಕಡಿಮೆಯದನ್ನು ಓದಲಾರದು, ಬರೆಯಲಾರದು. ಒಂದೇ ಅಕ್ಷರವನ್ನು ತಿದ್ದಬೇಕಾದರೂ ಇಡೀ ಸೆಕ್ಟರನ್ನು ಮತ್ತೆ ಬರೆಯಬೇಕು. ಕಡತ ವ್ಯವಸ್ಥೆ, ಎಂದರೆ ಫೈಲ್ ಸಿಸ್ಟಂ, ಈ ಸೆಕ್ಟರುಗಳ ಮೇಲೆ ಕುಳಿತ ಶಾನುಭೋಗ. ಯಾವ ಕಡತ ಎಷ್ಟನೆಯ ಸೆಕ್ಟರಿನಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಖಾತೆಯನ್ನು ಬರೆದಿಡುವುದು ಅವನ ಕೆಲಸ. ಆದರೆ ಶಾನುಭೋಗನ ಖಾತೆಯಲ್ಲಿರುವುದು ಎಷ್ಟನೆಯದು ಎಂಬ ಸಂಖ್ಯೆ ಮಾತ್ರ. ಒಂದು ಸೆಕ್ಟರ್ ಎಂದರೆ ಎಷ್ಟು ಅಕ್ಷರ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಅವನು ಭಾವಿಸಿಕೊಂಡಿರುತ್ತಾನೆ.

ಎಲ್ಲರಿಗೂ ಗೊತ್ತಿದ್ದ ಆ ಅಳತೆ ಮುಂದೆ 512 ಬೈಟ್ ಆಯಿತು. ಎರಡರ ಒಂಬತ್ತನೆಯ ಘಾತ. 1970ರ ದಶಕದಲ್ಲಿ ಪಿಡಿಪಿ-11 ಗಣಕಗಳಿಗೆ ಜೋಡಿಸುತ್ತಿದ್ದ ಆರ್‌ಕೆ05 ಎಂಬ ಡಿಸ್ಕಿನಲ್ಲಿ ಸೆಕ್ಟರ್ 512 ಬೈಟಿನದಾಗಿತ್ತು. ಅದೇ ಗಣಕಗಳ ಮೇಲೆ ಬೆಳೆದ ಯೂನಿಕ್ಸ್ ಕೂಡ ಕಡತಗಳನ್ನು 512 ಬೈಟಿನ ತುಂಡುಗಳಾಗಿಯೇ ಇಡುತ್ತಿತ್ತು. 1981ರ ಐಬಿಎಂ ಪಿಸಿಯ ಫ್ಲಾಪಿಯಲ್ಲಿ 40 ಪಥಗಳು, ಪಥಕ್ಕೆ 8 ಸೆಕ್ಟರುಗಳು, ಸೆಕ್ಟರಿಗೆ 512 ಬೈಟುಗಳು. ಗುಣಿಸಿದರೆ 1,63,840 ಬೈಟು. 1983ರ ಪಿಸಿ ಎಕ್ಸ್‌ಟಿ ಗಣಕದ ಹತ್ತು ಮೆಗಾಬೈಟಿನ ಹಾರ್ಡ್ ಡಿಸ್ಕಿನಲ್ಲಿಯೂ ಅದೇ 512. ಅಲ್ಲಿಂದ ಮುಂದೆ ಪಿಸಿ ಜಗತ್ತಿನಲ್ಲಿ ಈ ಸಂಖ್ಯೆಯನ್ನು ಯಾರೂ ಪ್ರಶ್ನಿಸಲಿಲ್ಲ. ಮನೆಯಲ್ಲಿ ಎಲ್ಲರೂ ಪಾವಿನಿಂದಲೇ ಅಕ್ಕಿ ಅಳೆಯುವಾಗ "ಎರಡು ಹಾಕು" ಎಂದರೆ ಸಾಕು, "ಎರಡು ಪಾವು" ಎನ್ನಬೇಕಾಗಿಲ್ಲವಷ್ಟೆ? ಹಾಗಾಯಿತು.

ಆದರೆ ಹೇಳದೆ ಬಿಟ್ಟ ಏಕಮಾನ ಬಹಳ ಕಾಲ ಸುಮ್ಮನಿರುವುದಿಲ್ಲ. ಮೊದಲ ತೊಡಕು ಬಂದದ್ದು ಡಾಸ್ ಕಾಲದಲ್ಲಿ. ಆಗಿನ ಕಡತ ವ್ಯವಸ್ಥೆಯಾದ ಫ್ಯಾಟ್, ಒಂದು ವಿಭಾಗದಲ್ಲಿರುವ ಒಟ್ಟು ಸೆಕ್ಟರುಗಳ ಸಂಖ್ಯೆಯನ್ನು ಬರೆಯಲು 16 ಬಿಟ್‌ಗಳನ್ನು ಮಾತ್ರ ಮೀಸಲಿಟ್ಟಿತ್ತು. ಅದರಲ್ಲಿ ಸುಮಾರು 65,536ರವರೆಗೆ ಎಣಿಸಬಹುದು. ಅದನ್ನು 512ರಿಂದ ಗುಣಿಸಿದರೆ 32 ಮೆಗಾಬೈಟ್. ಅದಕ್ಕಿಂತ ದೊಡ್ಡ ವಿಭಾಗ ಸಾಧ್ಯವಿರಲಿಲ್ಲ. ಡಿಸ್ಕುಗಳು ಅದಕ್ಕಿಂತ ದೊಡ್ಡವಾದಾಗ ಕೆಲವು ತಯಾರಕರು ಜಾಣತನದ ಒಂದು ದಾರಿ ಹಿಡಿದರು. ಎಣಿಕೆ ಹೆಚ್ಚಿಸಲಾಗದಿದ್ದರೆ ಅಳತೆಯನ್ನೇ ಹಿಗ್ಗಿಸೋಣವೆಂದು, ಎರಡೋ ನಾಲ್ಕೋ ಸೆಕ್ಟರುಗಳನ್ನು ಸೇರಿಸಿ ಒಂದೆಂದು ಡಾಸ್‌ಗೆ ತೋರಿಸಿದರು. ಪಾವಿನ ಬದಲು ಸೇರು! ಅವರ ಡಾಸ್‌ನಲ್ಲಿ ಅದು ಸರಿಯಾಗಿಯೇ ನಡೆಯಿತು. ಆದರೆ ಆ ಡಿಸ್ಕನ್ನು ಬೇರೊಬ್ಬರ ಡಾಸ್ ಓದಲಾಗದ ಪ್ರಸಂಗಗಳು ಎದುರಾದವು. 1988ರ ಡಾಸ್ 4.0 ಸೆಕ್ಟರುಗಳ ಸಂಖ್ಯೆಗೆ 32 ಬಿಟ್‌ಗಳನ್ನು ಒದಗಿಸಿದ ಮೇಲೆ ಈ ಉಪಾಯದ ಅಗತ್ಯ ತೀರಿತು. ಈ ಹಳೆಯ ಉಪಾಯವನ್ನೂ ನೆನಪಿನಲ್ಲಿಡಿ. ಅದು ಇಪ್ಪತ್ತೈದು ವರ್ಷಗಳ ತರುವಾಯ ನನ್ನ ಮನೆಗೇ ಬಂದಿತು.

ಇದೇ ಅವಧಿಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. 512 ಬೈಟಿನ ತುಂಡುಗಳನ್ನು ಡಿಸ್ಕಿನ ತುಂಬ ಚೆಲ್ಲಾಡಿ ಇಡುತ್ತಿದ್ದ ಹಳೆಯ ಯೂನಿಕ್ಸ್ ವ್ಯವಸ್ಥೆಯು ಡಿಸ್ಕಿನ ಸಾಮರ್ಥ್ಯದ ಶೇಕಡಾ 2ರಷ್ಟನ್ನು ಮಾತ್ರ ಬಳಸಿಕೊಳ್ಳುತ್ತಿದೆ ಎಂದು ಮೆಕ್‌ಕ್ಯೂಸಿಕ್, ಜಾಯ್, ಲೆಫ್ಲರ್ ಮತ್ತು ಫ್ಯಾಬ್ರಿ ಎಂಬ ನಾಲ್ವರು 1984ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅವರು ರಚಿಸಿದ ಹೊಸ ಕಡತ ವ್ಯವಸ್ಥೆಯಲ್ಲಿ ತುಂಡಿನ ಕನಿಷ್ಠ ಅಳತೆ 4096 ಬೈಟ್. ಎಂದರೆ ಎಂಟು ಸೆಕ್ಟರುಗಳು ಒಟ್ಟಿಗೆ. ಮುಂದೆ ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಕಡತ ವ್ಯವಸ್ಥೆಗಳು ಕೂಡ ಸಾಮಾನ್ಯವಾಗಿ 4096 ಬೈಟಿನ ತುಂಡುಗಳನ್ನೇ ನೆಚ್ಚಿಕೊಂಡವು. ಹೀಗೆ ಶಾನುಭೋಗನು ಎಂಟೆಂಟರ ಲೆಕ್ಕಕ್ಕೆ ಬಂದುಬಿಟ್ಟಿದ್ದನು. ಕೆಳಗಿನ ಡಿಸ್ಕು ಮಾತ್ರ ಇನ್ನೂ 512ರಲ್ಲಿಯೇ ನಿಂತಿತ್ತು.

ಡಿಸ್ಕು ಬದಲಾಗಬೇಕಾಗಿ ಬಂದದ್ದು ಜಾಗದ ಇಕ್ಕಟ್ಟಿನಿಂದ. ನೀವು ಬರೆಯುತ್ತಿದ್ದ ನೋಟ್‌ಬುಕ್ಕನ್ನು ನೆನಪಿಸಿಕೊಳ್ಳಿ. ಪ್ರತಿ ಪುಟಕ್ಕೂ ಅಂಚು ಎಳೆಯಬೇಕು, ತಲೆಬರಹ ಹಾಕಬೇಕು. ಪುಟ ಚಿಕ್ಕದಾದಷ್ಟೂ ಅಂಚಿಗೆ ಹೋಗುವ ಕಾಗದವೇ ಹೆಚ್ಚು. ಡಿಸ್ಕಿನ ಪ್ರತಿ ಸೆಕ್ಟರಿಗೂ ಹೀಗೆಯೇ ಸುಮಾರು 15 ಬೈಟಿನಷ್ಟು ತೆರಪು ಮತ್ತು ಗುರುತು ಬೇಕು. ಓದುವಾಗ ಆಗುವ ದೋಷಗಳನ್ನು ತಿದ್ದಲು 50 ಬೈಟಿನಷ್ಟು ಹೆಚ್ಚುವರಿ ಅಂಕಿಗಳೂ ಬೇಕು. 512 ಬೈಟ್ ಬರೆಯಲು 577 ಬೈಟಿನ ಜಾಗ. ಉಪಯೋಗವಾಗುವುದು ಶೇಕಡಾ 88.7. ಎಂಟು ಸೆಕ್ಟರುಗಳನ್ನು ಕೂಡಿಸಿ 4096 ಬೈಟಿನ ಒಂದೇ ಸೆಕ್ಟರ್ ಮಾಡಿದರೆ, 15 ಬೈಟಿನ ಒಂದೇ ಅಂಚು, 100 ಬೈಟಿನ ದೋಷಪರಿಹಾರ, ಒಟ್ಟು 4211. ಉಪಯೋಗ ಶೇಕಡಾ 97.3. ಬಿಟ್‌ಗಳು ಕಿರಿದಾಗುತ್ತ ಹೋದಂತೆ ಅದೇ ಚಿಕ್ಕ ದೂಳಿನ ಕಣವೋ ಗೀರೋ ಹೆಚ್ಚು ಬಿಟ್‌ಗಳನ್ನು ನುಂಗುತ್ತದೆಯಾದ್ದರಿಂದ, ಉದ್ದನೆಯ ಸೆಕ್ಟರಿಗೆ ಒಟ್ಟಾಗಿ ದೋಷಪರಿಹಾರ ಮಾಡುವುದು ಹೆಚ್ಚು ಬಲವಾದುದೂ ಹೌದು.

ಡಿಸ್ಕ್ ತಯಾರಕರ ಒಕ್ಕೂಟವಾದ ಐಡೆಮಾ 2000ದಲ್ಲಿ ಇದಕ್ಕಾಗಿ ಒಂದು ಸಮಿತಿಯನ್ನು ರಚಿಸಿತು. 2006ರಲ್ಲಿ 4096 ಬೈಟಿನ ಸೆಕ್ಟರನ್ನು ಪ್ರಕಟಿಸಿತು. 2009ರ ಡಿಸೆಂಬರಿನಲ್ಲಿ ವೆಸ್ಟರ್ನ್ ಡಿಜಿಟಲ್ ಅಂತಹ ಡಿಸ್ಕುಗಳನ್ನು ಮಾರುಕಟ್ಟೆಗೆ ತಂದಿತು. ಈ ಪದ್ಧತಿಗೆ ಅಡ್ವಾನ್ಸ್ಡ್ ಫಾರ್ಮ್ಯಾಟ್ ಎಂದು ಹೆಸರಾಯಿತು. 2011ರ ಜನವರಿಯಿಂದ ಮೇಜಿನ ಗಣಕ ಮತ್ತು ಲ್ಯಾಪ್‌ಟಾಪುಗಳ ಹೊಸ ಡಿಸ್ಕುಗಳನ್ನು ಇದೇ ಪದ್ಧತಿಯಲ್ಲಿ ತಯಾರಿಸಲು ತಯಾರಕರೆಲ್ಲ ಒಪ್ಪಿಕೊಂಡಿದ್ದರು. ಆದರೆ ಮೂವತ್ತು ವರ್ಷಗಳಿಂದ 512ನ್ನೇ ನಂಬಿಕೊಂಡಿದ್ದ ಲಕ್ಷಾಂತರ ಗಣಕಗಳನ್ನು ಏನು ಮಾಡುವುದು? ಅದಕ್ಕೆ ಡಿಸ್ಕಿನೊಳಗೆ ಒಬ್ಬ ದುಭಾಷಿಯನ್ನು ಕೂರಿಸಿದರು. ಒಳಗೆ 4096; ಹೊರಗಿನವರು ಕೇಳಿದರೆ "ನಮ್ಮಲ್ಲಿ 512ರ ಸೆಕ್ಟರು" ಎಂಬ ಉತ್ತರ. ಇದನ್ನು 512ಇ ಎನ್ನುತ್ತಾರೆ. ದುಭಾಷಿಯಿಲ್ಲದೆ ನೇರವಾಗಿ 4096 ಎಂದೇ ಹೇಳುವ ಡಿಸ್ಕುಗಳಿಗೆ 4ಕೆಎನ್ ಎಂದು ಹೆಸರು. ವಿಂಡೋಸ್‌ನಲ್ಲಿ ಇವುಗಳಿಗೆ ಪೂರ್ಣ ಮನ್ನಣೆ ದೊರೆತದ್ದು 2012ರ ವಿಂಡೋಸ್ 8ರಿಂದ.

ಕಡತ ವ್ಯವಸ್ಥೆಯ ತುಂಡು 4096, ಡಿಸ್ಕಿನ ಸೆಕ್ಟರೂ 4096. ಇನ್ನೇನು, ಅಡ್ಡಿಯೇ ಇಲ್ಲವೆಂದು ನಿಮಗೆ ಅನ್ನಿಸಬಹುದು. ಅಡ್ಡಿ ಬಂದದ್ದು 63 ಎಂಬ ಬೆಸಸಂಖ್ಯೆಯಿಂದ. ಹಳೆಯ ಪಿಸಿಗಳಲ್ಲಿ ಒಂದು ಪಥದೊಳಗಿನ ಸೆಕ್ಟರಿನ ಕ್ರಮಾಂಕಕ್ಕೆ 6 ಬಿಟ್‌ಗಳು. ಎಣಿಕೆ ಒಂದರಿಂದ ಆರಂಭವಾಗುತ್ತಿದ್ದುದರಿಂದ ಪಥಕ್ಕೆ ಹೆಚ್ಚೆಂದರೆ 63 ಸೆಕ್ಟರುಗಳು. ಮೊದಲ ಪಥವನ್ನು ಗಣಕದ ಆರಂಭಿಕ ದಾಖಲೆಗೆ ಬಿಟ್ಟು ಎರಡನೆಯ ಪಥದಿಂದ ವಿಭಾಗವನ್ನು ಆರಂಭಿಸುವ ಸಂಪ್ರದಾಯವಿತ್ತು. ಸೊನ್ನೆಯಿಂದ ಎಣಿಸಿದರೆ ಅದು 63ನೆಯ ಸೆಕ್ಟರ್. ವಿಂಡೋಸ್ ಎಕ್ಸ್‌ಪಿಯೂ ಇದನ್ನೇ ಪಾಲಿಸಿತು. 63ನ್ನು ಎಂಟರಿಂದ ಭಾಗಿಸಿದರೆ ಶೇಷ ಏಳು. ಪರಿಣಾಮವಾಗಿ ಕಡತದ ಪ್ರತಿ ತುಂಡಿನ ಎಂಟನೆಯ ಒಂದು ಭಾಗ ಒಂದು ದೊಡ್ಡ ಸೆಕ್ಟರಿನಲ್ಲಿ, ಉಳಿದ ಏಳು ಭಾಗ ಮುಂದಿನದರಲ್ಲಿ. ಒಂದು ತುಂಡನ್ನು ಬರೆಯಬೇಕಾದರೆ ಡಿಸ್ಕು ಎರಡೂ ಸೆಕ್ಟರುಗಳನ್ನು ಓದಿ, ಬೇಕಾದಷ್ಟನ್ನು ತಿದ್ದಿ, ತಟ್ಟೆ ಮತ್ತೊಂದು ಸುತ್ತು ಬರುವವರೆಗೆ ಕಾದು, ಮರಳಿ ಬರೆಯಬೇಕು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಚಿಕ್ಕ ಸಂಖ್ಯೆಯೆಂದು ತೋರಬಹುದು. ಸಾವಿರಾರು ಸಲ ಕಾಯುವಾಗ ಗಣಕ ಎತ್ತಿನ ಗಾಡಿಯಾಗುತ್ತದೆ. ಎಕ್ಸ್‌ಪಿ ಬಳಕೆದಾರರಿಗೆಂದು ಕೆಲವು ಡಿಸ್ಕುಗಳ ಹಿಂಬದಿಯ ಎರಡು ಕಡ್ಡಿಗಳಿಗೆ ಒಂದು ಚಿಕ್ಕ ಜಂಪರ್ ಹಾಕುವ ಏರ್ಪಾಡಿತ್ತು. ಅದನ್ನು ಹಾಕಿದರೆ ಡಿಸ್ಕು ಪ್ರತಿ ಕ್ರಮಾಂಕಕ್ಕೂ ಒಂದನ್ನು ಕೂಡಿಸಿಕೊಳ್ಳುತ್ತಿತ್ತು. 63ಕ್ಕೆ ಒಂದು ಕೂಡಿದರೆ 64. ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಪ್ರಾಥಮಿಕ ಶಾಲೆಯ ಗಣಿತದಿಂದ ಕೋಟ್ಯಂತರ ಬೈಟುಗಳು ಸರಿದಾರಿಗೆ ಬಂದವು. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ವಿಭಾಗವು 2048ನೆಯ ಸೆಕ್ಟರಿನಿಂದ ಆರಂಭವಾಗುವುದರಿಂದ ಈ ತೊಂದರೆ ಇರಲಿಲ್ಲ.

ಇನ್ನೊಂದು ಗೋಡೆ ಉಳಿದಿತ್ತು. ಡಿಸ್ಕಿನ ಆರಂಭದಲ್ಲಿ ವಿಭಾಗಗಳ ಪಟ್ಟಿಯನ್ನಿಡುವ ಎಂಬಿಆರ್ ಎಂಬ ದಾಖಲೆಯು ಸೆಕ್ಟರಿನ ಕ್ರಮಾಂಕಕ್ಕೆ ಕೊಡುವುದು 32 ಬಿಟ್. ಎರಡರ 32ನೆಯ ಘಾತವನ್ನು 512ರಿಂದ ಗುಣಿಸಿದರೆ 2.2 ಟೆರಾಬೈಟ್, ಅದರಾಚೆಗಿನ ಜಾಗ ಎಕ್ಸ್‌ಪಿಗೆ ದಕ್ಕದು. ಮೂರು ಟೆರಾಬೈಟಿನ ಡಿಸ್ಕುಗಳು ಬಂದಾಗ ಹೊರ ಡಿಸ್ಕುಗಳ ತಯಾರಕರು ಏನು ಮಾಡಿದರೆಂದು ನೀವೀಗ ಊಹಿಸಬಲ್ಲಿರಿ. ಡಾಸ್ ಕಾಲದ ಅದೇ ಪಾವು-ಸೇರಿನ ಉಪಾಯ! ಡಿಸ್ಕು ತನ್ನನ್ನು 512 ಎಂದು ಹೇಳಿಕೊಂಡರೆ, ಅದನ್ನು ಸುತ್ತಿದ ಯುಎಸ್‌ಬಿ ಪೆಟ್ಟಿಗೆಯ ಮಂಡಲವು ಎಂಟೆಂಟನ್ನು ಕೂಡಿಸಿ ಗಣಕಕ್ಕೆ 4096 ಎಂದು ತೋರಿಸಿತು. ಮಿತಿ ಎಂಟು ಪಟ್ಟು ಹಿಗ್ಗಿ 17.6 ಟೆರಾಬೈಟ್ ಆಯಿತು. ನನ್ನ ಎಕ್ಸ್‌ಪಿ ಗಣಕವೂ ಹೀಗೆಯೇ ಮೂರು ಟೆರಾಬೈಟನ್ನು ಪೂರ್ತಿಯಾಗಿ ಕಂಡಿತ್ತು. ಆ ಪೆಟ್ಟಿಗೆಯ ಮೇಲೆ ಇದನ್ನು ಹೇಳುವ ಒಂದು ಸಾಲೂ ಇರಲಿಲ್ಲ.

ನಿದ್ರೆಯಿಲ್ಲದ ಆ ರಾತ್ರಿಯ ಮಾರನೆಯ ದಿನ, ಬೆಂಗಳೂರಿನಲ್ಲಿ ಡೇಟಾ ಸಂಗ್ರಹದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. (ಅವನು ಹೆಸರು ಬರೆಯಬಾರದೆಂದಿದ್ದಾನೆ.) ಅವನು ಕೇಳಿದ್ದು ಎರಡೇ ಪ್ರಶ್ನೆ. "ಪೆಟ್ಟಿಗೆಯಿಂದ ಹೊರಗೆ ತೆಗೆದರಾ ಸಾರ್?" ಹೌದೆಂದೆ. "ವಿಭಾಗ ಎಂಟನೇ ಒಂದು ಭಾಗ ಕಾಣ್ತಿತ್ತಾ?" ಹೌದೆಂದೆ. ಆ ಕಡೆಯಿಂದ ನಗು ಕೇಳಿಸಿತು. "ಹಾಗಾದ್ರೆ ಏನೂ ಹೋಗಿಲ್ಲ ಸಾರ್. ಸಂಖ್ಯೆಗಳೆಲ್ಲ ಸರಿಯಾಗೇ ಇವೆ. ಏಕಮಾನ ಬದಲಾಗಿದೆ, ಅಷ್ಟೇ. ನನ್ನ ಹತ್ರ ಎಷ್ಟು ಅರ್ಧ ಅಂಕ ಕಳೆದಿದ್ದೀರಿ ನೆನಪಿದೆಯಾ?"

ಮುಂದಿನ ಭಾನುವಾರ ಅವನೇ ಮನೆಗೆ ಬಂದು ಕಾಗದದ ಮೇಲೆ ಬರೆದು ತೋರಿಸಿದನು. ಅಂದು ನಾನು ವಿದ್ಯಾರ್ಥಿ, ಅವನು ಮೇಷ್ಟರು. ನನ್ನ ಡಿಸ್ಕಿನ ಪಟ್ಟಿಯಲ್ಲಿ ವಿಭಾಗದ ಆರಂಭ 256 ಎಂದಿತ್ತು. ಪೆಟ್ಟಿಗೆಯ ಅಳತೆಯಲ್ಲಿ ಅದು 256 ಗುಣಿಸು 4096, ಎಂದರೆ 10,48,576ನೆಯ ಬೈಟ್. ಅಂಗಡಿಯ ಗಣಕವು ಅದೇ 256ನ್ನು 512ರಿಂದ ಗುಣಿಸಿ 1,31,072ನೆಯ ಬೈಟಿನಲ್ಲಿ ಕಡತ ವ್ಯವಸ್ಥೆಯನ್ನು ಹುಡುಕಿತ್ತು. ಅಲ್ಲಿ ಇದ್ದದ್ದು ಬರಿಯ ಶೂನ್ಯ. ವಿಭಾಗದ ಉದ್ದವನ್ನೂ ಅದೇ ತಪ್ಪು ಪಾವಿನಿಂದ ಅಳೆದಿದ್ದರಿಂದ ಎಂಟನೆಯ ಒಂದು ಭಾಗವಾಗಿ ಕಂಡಿತ್ತು. ಅವನು ತನ್ನೊಡನೆ ಅದೇ ಬಗೆಯ ಕೆಲಸ ಮಾಡುವ ಹಳೆಯ ಪೆಟ್ಟಿಗೆಯೊಂದನ್ನು ಹುಡುಕಿ ತಂದಿದ್ದನು. ಡಿಸ್ಕನ್ನು ಅದರೊಳಗಿಟ್ಟು ಜೋಡಿಸಿದೊಡನೆ ಕಡತಗಳೆಲ್ಲ ಒಂದೊಂದಾಗಿ ಮೂಡಿದವು. ಮೊದಲು ತೆರೆದದ್ದು ಅಮ್ಮನ ಹಾಡು. ನಡುವೆ ಯಾರದೋ ಕೆಮ್ಮು, ಹಿತ್ತಲಿನ ಕರುವಿನ ಕೂಗು, ಎಲ್ಲವೂ ಇದ್ದವು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಅಂಗಡಿಯ ತರುಣನನ್ನು ನಾನು ದೂರುವುದಿಲ್ಲ. ಅವನಿಗೆ ಪರದೆ ಹೇಳಿದ್ದನ್ನೇ ಅವನು ನನಗೆ ಹೇಳಿದನು. ಆದರೆ ಅಂದು ನಾನು ಹೂಂ ಎಂದಿದ್ದರೆ, ಸುರಕ್ಷಿತವಾಗಿದ್ದ ಹಾಡುಗಳ ಮೇಲೆ ಹೊಸ ಖಾತೆ ಬರೆಯಲ್ಪಡುತ್ತಿತ್ತು. ಆದ್ದರಿಂದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಫಾರ್ಮ್ಯಾಟ್ ಮಾಡಬೇಕೆಂದು ಗಣಕ ಹೇಳಿದಾಗ, ಡಿಸ್ಕು ಖಾಲಿಯಾಗಿದೆ ಎಂದು ತಿಳಿಯಬೇಡಿ. ಗಣಕಕ್ಕೆ ಅದು ಅರ್ಥವಾಗಿಲ್ಲ ಎಂದು ತಿಳಿಯಿರಿ. ಹೊರ ಡಿಸ್ಕಿನ ಪೆಟ್ಟಿಗೆ ಕೆಟ್ಟರೆ ಅದನ್ನು ಎಸೆಯಬೇಡಿ, ಅದರ ಮಾದರಿಯ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಖ್ಯವಾದದ್ದು ಎರಡು ಕಡೆ ಇರಲಿ. ಅಮ್ಮನ ಹಾಡುಗಳು ಈಗ ಮೂರು ಮನೆಗಳಲ್ಲಿವೆ. ಬೇಕಾದವರು ಕೇಳಿ, ಕಳುಹಿಸಿಕೊಡುತ್ತೇನೆ.

ಗಣಕಗಳ ಒಳಗೆ ಈಗ ತಿರುಗುವ ತಟ್ಟೆಯ ಬದಲು ಚಿಪ್‌ಗಳ ಎಸ್‌ಎಸ್‌ಡಿ ಬಂದಿದೆ. ಅದರಲ್ಲಿ ಪಥವೂ ಇಲ್ಲ, ತ್ರಿಜ್ಯಾಂತರ ಖಂಡವೂ ಇಲ್ಲ. ಆದರೂ ಅವುಗಳಲ್ಲಿ ಅನೇಕವು ಹೊರಗಿನವರು ಕೇಳಿದರೆ ಇಂದಿಗೂ 512 ಎಂದೇ ಹೇಳುತ್ತವೆ. ಹಳೆಯ ಒಪ್ಪಂದಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಹಾಗಿರುವಾಗ ಯಾವ ಸಂಖ್ಯೆಯ ಮುಂದೆಯೂ ಏಕಮಾನವನ್ನು ಬರೆಯುವುದೇ ಕ್ಷೇಮ. ಅಂದು ಅರ್ಧ ಅಂಕ ಕಳೆದುಕೊಂಡು ಮುನಿಸಿಕೊಂಡಿದ್ದವರೆಲ್ಲ ಇನ್ನಾದರೂ ನನ್ನನ್ನು ಕ್ಷಮಿಸುವಿರೆಂದು ನಂಬಿದ್ದೇನೆ.

ನಿಮ್ಮ ಅನಿಸಿಕೆಗಳನ್ನು ತಪ್ಪದೆ ಬರೆಯಿರಿ. ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿರಿ; ನನ್ನ ಅರ್ಧ ಅಂಕವನ್ನೂ ಕಳೆಯಿರಿ.